ಮಾವುತ ಹೊಳೆ ದಾಟಿದ ದಿನ

ಹಳೆಯ ಕಾವ್ಯವೆಂದರೆ ಪದವಿ ತರಗತಿಯ ವಿದ್ಯಾರ್ಥಿಗಳೇ ಗೈಡು ಹುಡುಕಿಕೊಂಡು ಓಡುವ ಈ ಕಾಲದಲ್ಲಿ, ನಾಲ್ಕನೆಯ ತರಗತಿಯ ಮಕ್ಕಳ ಮುಂದೆ ಷಟ್ಪದಿಯನ್ನು ಇಟ್ಟು, ಇದು ನಿಮ್ಮದೇ ಸ್ವತ್ತು ಎಂದು ಅವರನ್ನು ನಂಬಿಸಿದವರು ಶ್ರೀಮತಿ ಶ್ಯಾಮಲಮ್ಮನವರು. ನಮ್ಮ ಚಿಕ್ಕಬಳ್ಳಾಪುರ ಸೀಮೆಯ ಪ್ರಾಥಮಿಕ ಶಿಕ್ಷಣದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆದರೆ ಕಟ್ಟಡಗಳಿಗೂ ಯೋಜನೆಗಳಿಗೂ ಒಂದೊಂದು ಅಧ್ಯಾಯ ಖಂಡಿತ ಸಿಗುತ್ತದೆ. ಮನೆಯಲ್ಲಿ ತೆಲುಗು ಆಡುವ, ಉರ್ದು ಆಡುವ ಮಕ್ಕಳ ನಾಲಿಗೆಯ ಮೇಲೆ ಹಳೆಯ ಕನ್ನಡವನ್ನು ಕೂರಿಸಿದ ಈ ಶಿಕ್ಷಕಿಗೆ ಒಂದು ಪುಟವಾದರೂ ಸಿಗಲಿ ಎಂಬುದು ನನ್ನ ಆಸೆ. ನಾನು ಅವರ ಶಿಷ್ಯೆ, ಈಗ ನಗರಗೆರೆಯ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಶಿಕ್ಷಕಿ. ಸೇವಾವಿವರಗಳು ತಪ್ಪದೆ ಬರಲಿ ಎಂದು ಈ ಅಭಿನಂದನ ಗ್ರಂಥದ ಸಂಪಾದಕರು ಎರಡು ಸಲ ಫೋನ್ ಮಾಡಿ ಹೇಳಿದ್ದಾರೆ. ಆದ್ದರಿಂದ ಅವನ್ನು ಮೊದಲು ಮುಗಿಸಿಬಿಡುತ್ತೇನೆ.

ಚಿಂತಾಮಣಿ ತಾಲ್ಲೂಕಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಶ್ಯಾಮಲಮ್ಮನವರು ೧೯೯೦ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸೇವೆಗೆ ಸೇರಿದರು. ೧೯೯೭ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯ ಹತ್ತಿರದ ನಮ್ಮೂರ ಶಾಲೆಗೆ ವರ್ಗವಾಗಿ ಬಂದು, ಹದಿನಾರು ವರ್ಷ ಅಲ್ಲೇ ನಿಂತರು. ಆಮೇಲೆ ತವರಿನ ಕಡೆಗೆ, ಚಿಂತಾಮಣಿ ತಾಲ್ಲೂಕಿಗೆ ಹೋದವರು, ಅಲ್ಲಿಂದಲೇ ಈಗ ನಿವೃತ್ತರಾಗಿದ್ದಾರೆ. ಮೂವತ್ತನಾಲ್ಕು ವರ್ಷಗಳಲ್ಲಿ ಮೂರು ಶಾಲೆ, ಒಂದೇ ಕಾವ್ಯ.

ಆ ಕಾವ್ಯದ ಹೆಸರನ್ನು ನಾನು ಬೇಕೆಂದೇ ಹೇಳುತ್ತಿಲ್ಲ. ಹೇಳಿದರೆ ಪಾಠಾಂತರದ ಪಂಡಿತರು ನನ್ನ ಮನೆ ಬಾಗಿಲಿಗೆ ಬರುತ್ತಾರೆ. ಟೀಚರಿಗೆ ಅದು ಅವರ ತಾತನ ಕೈಬರಹದ ನೋಟ್‌ಬುಕ್ಕಿನಲ್ಲಿ ಸಿಕ್ಕಿದ್ದು, ನಲವತ್ತೊಂದು ಪದ್ಯ, ಕಟ್ಟು ಬಿಡಿಸಿಕೊಂಡು ಕಾಡಿಗೆ ಹೋದ ಅರಮನೆಯ ಆನೆಯನ್ನು ಹುಡುಕಿಕೊಂಡು ಹೊರಡುವ ಮಾವುತನ ಕಥೆ. ಅವರು ಅದನ್ನು ಕಲಿಸುತ್ತಿದ್ದ ಕ್ರಮ ವಿಚಿತ್ರವಾಗಿತ್ತು. ನಾಲ್ಕನೆಯ ಮತ್ತು ಐದನೆಯ ತರಗತಿಗಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದವು. ಒಂದೊಂದು ಮಗುವಿಗೆ ಒಂದೊಂದು ಪದ್ಯ. ಬೆಳಿಗ್ಗೆ ಹಾಜರಿ ಕೂಗುವಾಗ ನಾವು ಯಾರೂ "ಹಾಜರ್ ಟೀಚರ್" ಎನ್ನುವಂತಿರಲಿಲ್ಲ. ಎದ್ದುನಿಂತು ನಮ್ಮ ಪದ್ಯ ಹೇಳಬೇಕು, ಅದೇ ಹಾಜರಿ. ಕೊನೆಯ ಮಗು ಹೇಳಿ ಕೂರುವ ಹೊತ್ತಿಗೆ ಮಾವುತ ಊರು ಬಿಟ್ಟು, ಕಾಡು ಹೊಕ್ಕು, ಹೊಳೆ ದಾಟಿ, ಆನೆಯನ್ನು ಕಂಡು, ಅದರ ಕಿವಿಯಲ್ಲಿ ಮಾತಾಡಿ ಹಿಂದಿರುಗಿರುತ್ತಿದ್ದ. ಆಮೇಲೆ ಲೆಕ್ಕದ ಪಾಠ.

ಯಾರಾದರೂ ಬಾರದಿದ್ದ ದಿನ ಅವರ ಪದ್ಯವನ್ನು ಬೇರೆಯವರು ಹೇಳುವಂತಿರಲಿಲ್ಲ. ದಿನಾ ಕೇಳಿ ಕೇಳಿ ಎಲ್ಲರಿಗೂ ಎಲ್ಲವೂ ಬಾಯಿಪಾಠವಾಗಿದ್ದರೂ ಹೇಳುವಂತಿರಲಿಲ್ಲ. ಆರು ಸಾಲು ಹೇಳುವಷ್ಟು ಹೊತ್ತು ಇಡೀ ತರಗತಿ ಬೆರಳು ಮಡಿಸುತ್ತಾ ಸುಮ್ಮನೆ ಕೂತು, ನಂತರ ಮುಂದಿನವರು ಏಳಬೇಕು. ಐದನೆಯ ತರಗತಿ ಮುಗಿಸಿ ಹೋಗುವವರು ತಮ್ಮ ಪದ್ಯವನ್ನು ಹೊಸದಾಗಿ ಬಂದ ಮಗುವಿಗೆ ಕಲಿಸಿ, ಅದು ತಪ್ಪಿಲ್ಲದೆ ಹೇಳುವವರೆಗೂ ಜೊತೆಯಲ್ಲಿ ಕೂತು, ಒಪ್ಪಿಸಿ ಹೋಗಬೇಕು. ಮದುವೆಯಾಗಿ ಹೋಗುವ ಅಕ್ಕ ಬಳೆ ಕೊಟ್ಟು ಹೋಗುವ ಹಾಗೆ ನಮ್ಮಲ್ಲಿ ಪದ್ಯ ಕೊಟ್ಟು ಹೋಗುತ್ತಿದ್ದರು.

ಅಭಿನಂದನ ಗ್ರಂಥದಲ್ಲಿ ಸುಳ್ಳು ಬರೆಯಬಾರದು. ಟೀಚರ ಕಂಠ ಇಂಪಾಗಿರಲಿಲ್ಲ. ಅವರು ರಾಗ ಎಳೆದರೆ ಪಕ್ಕದ ಕೋಣೆಯ ಮುಖ್ಯೋಪಾಧ್ಯಾಯರಾದ ವೆಂಕಟರಾಮಪ್ಪನವರು ಎದ್ದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೂಗಿನ ಮೇಲೆ ಕೋಪ ಬೇರೆ. ಆದರೆ ಅರ್ಥ ಹೇಳಲು ಕೂತರೆ ಅವರಷ್ಟು ತಾಳ್ಮೆ ನಾನು ಯಾರಲ್ಲೂ ಕಂಡಿಲ್ಲ. ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ನನಗೂ ಲಾಲ್ ಬಾಷಾನಿಗೂ ಮುರುಕು ಉರ್ದುವಿನಲ್ಲಿ ಒಮ್ಮೆ. ಅವರ ಉರ್ದು ಕೇಳಿ ನಾವಿಬ್ಬರೂ ನಗುತ್ತಿದ್ದೆವು, ಅವರೂ ನಗುತ್ತಿದ್ದರು. ನಮ್ಮೂರಿನಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚಿನ ವಾರದಲ್ಲಿ ಅರ್ಧ ತರಗತಿ ಖಾಲಿಯಾಗುತ್ತಿತ್ತು. ಹುಳು ಹಗಲೂ ರಾತ್ರಿ ಸೊಪ್ಪು ತಿನ್ನುವಾಗ ಮನೆಯ ಮಕ್ಕಳು ಶಾಲೆಗೆಲ್ಲಿ ಬರಬೇಕು? ಆಗ ಟೀಚರೇ ಬೆಳಿಗ್ಗೆ ಎಂಟಕ್ಕೆ ಮನೆಮನೆಗೆ ಹೊರಡುತ್ತಿದ್ದರು. ಹುಳುಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ, ಹುಳಕ್ಕೆ ರೋಗ ತಗಲುತ್ತದೆ. ಅವರು ಹೊರಗೆ ನಿಲ್ಲುವರು, ಮಗು ಒಳಗೆ ಸೊಪ್ಪು ಹಾಕುತ್ತಾ ಪದ್ಯ ಹೇಳುವುದು, ಅವರು ಅಲ್ಲೇ ಹಾಜರಿ ಹಾಕಿಕೊಂಡು ಮುಂದಿನ ಮನೆಗೆ ಹೋಗುವರು.

ನನಗೆ ಬಂದದ್ದು ಹದಿನೇಳನೆಯ ಪದ್ಯ. ಆನೆಯ ಹೆಜ್ಜೆಗಳು ಹೊಳೆಯ ದಡಕ್ಕೆ ಬಂದು ಮುಗಿಯುತ್ತವೆ. ಈಜು ಬಾರದ ಮಾವುತ ಅಲ್ಲಿ ನಿಂತು ಯೋಚಿಸಿ ನೀರಿಗೆ ಇಳಿಯುತ್ತಾನೆ. ೨೦೦೧ರ ಜೂನ್‌ನಲ್ಲಿ ಅದನ್ನು ಕಲಿತೆ. ಅದೇ ನವೆಂಬರ್‌ನಲ್ಲಿ ನನ್ನ ಅಬ್ಬಾ ಮಜರ್ ಅವರು ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆನೂಲು ತೆಗೆಯುವ ಎರಡು ಚರಕ ಬಾಡಿಗೆಗೆ ಹಿಡಿದು, ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋದರು. ಅಮ್ಮಿಯೂ ಚರಕಕ್ಕೆ ಕೂತರು. ಎಂಟು ತಿಂಗಳ ತಮ್ಮನನ್ನು ನೋಡಿಕೊಳ್ಳಲು ಒಂದು ಜೀವ ಬೇಕಿತ್ತು. ಹತ್ತು ವರ್ಷದ ನಾನಿದ್ದೆ. ಮುಂದಿನ ವರ್ಷ ಸೇರಿಸೋಣ ಎಂದರು. ಆ ಮುಂದಿನ ವರ್ಷ ಎಂಬುದು ನಮ್ಮ ಗಲ್ಲಿಯ ಎಷ್ಟೋ ಹುಡುಗಿಯರಿಗೆ ಬಂದೇ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು, ಹೇಳುವ ಧೈರ್ಯವಿರಲಿಲ್ಲ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅದೇ ಪದ್ಯ ಹೇಳಿ ಮಲಗಿಸುತ್ತಿದ್ದೆ.

ಅತ್ತ ಶಾಲೆಯಲ್ಲಿ ನಡೆದದ್ದನ್ನು ನಾನು ಆಮೇಲೆ ಕೇಳಿ ತಿಳಿದದ್ದು. ಟೀಚರ್ ಎರಡು ಭಾನುವಾರ ಶಿಡ್ಲಘಟ್ಟಕ್ಕೆ ಬಂದು, ಚರಕದ ಮನೆಗಳಿರುವ ಗಲ್ಲಿಗಳಲ್ಲಿ ಮಜರ್ ಎಂಬುವರ ಮನೆ ಯಾವುದೆಂದು ವಿಚಾರಿಸಿದ್ದರಂತೆ. ಆ ಊರಿನಲ್ಲಿ ಎಷ್ಟು ಜನ ಮಜರ್! ಸಿಕ್ಕಲಿಲ್ಲ. ಎರಡು ತಿಂಗಳಾದ ಮೇಲೆ ಮುಖ್ಯೋಪಾಧ್ಯಾಯರು ಕರೆದು ಹೇಳಿದರಂತೆ:

"ಶ್ಯಾಮಲಮ್ನೋರೇ, ಆ ಮಗು ಇನ್ನು ಬರಲ್ಲ. ಹೆಸರು ತೆಗೆದಾಕಿ, ಪದ್ಯ ಬೇರೆ ಯಾರಿಗಾದ್ರೂ ಕೊಡಿ."

"ಅವರಪ್ಪ ಬಂದು ಟಿ.ಸಿ. ತಗೊಂಡು ಹೋಗ್ಲಿ ಸಾರ್, ತೆಗೀತೀನಿ. ಅಲ್ಲೀವರ್ಗೂ ಅದು ಅವಳದೇ."

ಹೀಗಾಗಿ ದಿನವೂ ಹದಿನಾರನೆಯ ಪದ್ಯವಾದ ಮೇಲೆ ತರಗತಿ ಸುಮ್ಮನಾಗುತ್ತಿತ್ತು. ಮೂರು ತಿಂಗಳು ಮಾವುತ ಹೊಳೆಯ ದಡದಲ್ಲೇ ನಿಂತ.

ಜನವರಿಯ ಕೊನೆಯಲ್ಲಿ ಮೇಲಧಿಕಾರಿಯೊಬ್ಬರು ಶಾಲಾ ತನಿಖೆಗೆ ಬಂದರು. ಮಕ್ಕಳು ಎದ್ದೆದ್ದು ಹೇಳುತ್ತಾ ಹೋದರು. ಅವರ ಮುಖ ಅರಳಿತಂತೆ. ಹದಿನಾರಾಯಿತು. ತರಗತಿ ಸುಮ್ಮನೆ ಬೆರಳು ಮಡಿಸತೊಡಗಿತು. "ಮುಂದೆ?" ಎಂದರು ಅಧಿಕಾರಿ. ಯಾರೂ ಏಳಲಿಲ್ಲ. "ಮರೆತುಹೋಯ್ತಾ?" ಎಂದು ಮುಂದಿನ ಸಾಲಿನ ಸುನೀಲ್‌ಕುಮಾರನನ್ನು ಕೇಳಿದರು.

"ಇಲ್ಲ ಸಾರ್. ಅದು ನಾಹಿದ್‌ದು."

"ಎಲ್ಲಿ ಆ ಹುಡುಗಿ?"

"ಬಂದಿಲ್ಲ ಸಾರ್. ದೀಪಾವಳಿಯಿಂದ ಬಂದಿಲ್ಲ."

ಟೀಚರ್ ಕಣ್ಸನ್ನೆ ಮಾಡಿದ್ದರೆ ಸಾಕಿತ್ತು. ನಲವತ್ತು ಬಾಯಿಗಳು ಒಟ್ಟಿಗೆ ಹೇಳಿಬಿಡುತ್ತಿದ್ದವು. ಮಾಡಲಿಲ್ಲ. ಅಧಿಕಾರಿ ಹಾಜರಿ ಪುಸ್ತಕ ತರಿಸಿ ನೋಡಿ, ತನಿಖಾ ಪುಸ್ತಕದಲ್ಲಿ ಬರೆದು ಹೋದರು: ಮಕ್ಕಳಿಗೆ ಪದ್ಯ ಪೂರ್ಣವಾಗಿ ಬರುವುದಿಲ್ಲ, ಬಾರದ ವಿದ್ಯಾರ್ಥಿನಿಯ ಹೆಸರನ್ನು ಉಳಿಸಿಕೊಳ್ಳಲಾಗಿದೆ, ಪಠ್ಯದಲ್ಲಿಲ್ಲದ ಈ ವಾಚನವನ್ನು ಏಕೆ ನಿಲ್ಲಿಸಬಾರದೆಂದು ಶಿಕ್ಷಕಿ ತಿಂಗಳೊಳಗೆ ಸಮಜಾಯಿಷಿ ಕೊಡತಕ್ಕದ್ದು. ನ್ಯಾಯವಾಗಿ ನೋಡಿದರೆ ಅವರು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಹತ್ತು ದಿನದ ಮೇಲೆ ನಾನು ಅಬ್ಬಾಗೆ ಊಟದ ಡಬ್ಬಿ ಕೊಡಲು ತಮ್ಮನನ್ನು ಎತ್ತಿಕೊಂಡು ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಅಲ್ಲಿ ರೇಷ್ಮೆಗೂಡು ಮಾರಲು ಬಂದಿದ್ದ ತನ್ನ ಅಪ್ಪ ನಲ್ಲಪ್ಪನವರ ಜೊತೆ ನನ್ನ ಬೆಂಚಿನ ಗೆಳತಿ ತನುಜ ನಿಂತಿದ್ದಳು. ನನ್ನನ್ನು ನೋಡಿದವಳೇ ಜಗಳಕ್ಕೆ ಬಂದಳು.

"ಎಲ್ಲೇ ಸತ್ತೋಗಿದ್ದೆ? ನಿನ್ ಪದ್ಯ ಖಾಲಿ ಬಿದ್ದೈತೆ ಕಣೇ. ಸಾಹೇಬ್ರು ಬಂದು ಟೀಚರ್ ಮೇಲೆ ಬರ್ಕೊಂಡ್ ಹೋದ್ರು. ಇನ್ಮೇಲೆ ಪದ್ಯನೇ ಇರಲ್ವಂತೆ."

ನಾನು ಅಳತೊಡಗಿದೆ, ತಮ್ಮನೂ ಅತ್ತ. ಅಬ್ಬಾ ಓಡಿಬಂದು ವಿಷಯ ಕೇಳಿದರು. ನಲ್ಲಪ್ಪನವರು ಇದ್ದದ್ದನ್ನು ಇದ್ದಂತೆ ಹೇಳಿದರು. ತಮ್ಮಿಂದ ಯಾರಿಗೂ ಒಂದು ಮಾತು ಬರದ ಹಾಗೆ ಬದುಕಿದ ಮನುಷ್ಯ ಅಬ್ಬಾ. "ನಮ್ಮನೆ ದೆಸೆಯಿಂದ ಒಬ್ಬ ಹೆಣ್ಣುಮಗಳ ನೌಕರಿಗೆ ಕಪ್ಪು ಚುಕ್ಕೆ ಬೀಳಬಾರದು. ನಾಳೆ ಹೋಗಿ ಟಿ.ಸಿ. ತಗೊಂಡು ಬಂದುಬಿಡ್ತೀನಿ. ಅವರು ಪದ್ಯ ಯಾರಿಗಾದ್ರೂ ಕೊಟ್ಕೊಳ್ಳಲಿ" ಎಂದರು. ಟೀಚರನ್ನು ಉಳಿಸಲು ಅವರಿಗೆ ತೋಚಿದ ದಾರಿ ನನ್ನ ಹೆಸರನ್ನು ತೆಗೆಸುವುದು. ನನ್ನ ಓದು ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ.

ಮರುದಿನ ಮೊಪೆಡ್ಡಿನ ಹಿಂದೆ ಕೂತು ಶಾಲೆಗೆ ಹೋದಾಗ ಹಾಜರಿ ಶುರುವಾಗುವುದರಲ್ಲಿತ್ತು. ಅಬ್ಬಾ ಬಾಗಿಲಲ್ಲೇ ನಿಂತು, ಬಂದ ಕಾರಣ ಹೇಳಿ, ಕ್ಷಮೆ ಕೇಳಿದರು. ಟೀಚರ್ ಬೈಯುತ್ತಾರೆಂದು ನಾನು ಕಾದೆ. ಅವರು ಬೈಯಲಿಲ್ಲ.

"ಆಗ್ಲಿ ಮಜರ್ ಸಾಬ್ರೇ, ಟಿ.ಸಿ. ಬರ್ಕೊಡ್ತೀನಿ. ನಮ್ಮಲ್ಲಿ ಒಂದು ಪದ್ಧತಿ ಐತೆ. ಬಿಟ್ಟು ಹೋಗೋರು ಪದ್ಯ ಒಪ್ಪಿಸಿ ಹೋಗ್ಬೇಕು. ಒಂದ್ಸಲ ಹೇಳ್ಬಿಟ್ಟು, ಯಾರಿಗೆ ಕೊಡ್ಬೇಕೋ ಕೊಟ್ಟು ಹೋಗ್ಲಿ."

ಹಾಜರಿ ಶುರುವಾಯಿತು. ಒಂದು, ಎರಡು, ಹತ್ತು. ಹದಿನಾರನೆಯ ಪದ್ಯ ಲಾಲ್ ಬಾಷಾನದು. ಅವನು ಹೇಳಿ ಕೂರದೆ ನನ್ನ ಕಡೆಗೇ ನೋಡುತ್ತಾ ನಿಂತ. ನಾನು ಆರು ಸಾಲನ್ನೂ ಹೇಳಿದೆ. ಹದಿನೆಂಟನೆಯವಳಾದ ತನುಜ ನನ್ನ ಕೊನೆಯ ಸಾಲು ಮುಗಿಯುವ ಮೊದಲೇ ಎದ್ದು ತನ್ನದನ್ನು ಎತ್ತಿಕೊಂಡಳು. ಮೂರು ತಿಂಗಳ ಮೇಲೆ ಮಾವುತ ಹೊಳೆ ದಾಟಿದ. ಮುಂದಿನ ಪದ್ಯಗಳನ್ನು ಮಕ್ಕಳು ಎಷ್ಟು ಜೋರಾಗಿ ಹೇಳಿದರೆಂದರೆ ವೆಂಕಟರಾಮಪ್ಪನವರು ಹೊರಗೆ ಬಂದು ನಿಂತರು. ಅಬ್ಬಾಗೆ ಆ ಕನ್ನಡದ ಒಂದು ಪದವೂ ಅರ್ಥವಾಗಿರಲಾರದು, ಆದರೂ ಆನೆ ಸಿಕ್ಕಿತೆಂಬುದು ತಿಳಿಯಿತು. ಅವರು ಕೈವಸ್ತ್ರದಿಂದ ಮುಖ ಒರೆಸಿಕೊಂಡರು.

"ಈಗ ಯಾರಿಗೆ ಕೊಡ್ತೀಯಮ್ಮಾ?" ಎಂದರು ಟೀಚರ್.

ನಾನು ಸುತ್ತ ನೋಡಿದೆ. ಒಬ್ಬರೂ ಕೈ ಎತ್ತಲಿಲ್ಲ. ತನುಜ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

ಅಬ್ಬಾ ಕೆಮ್ಮಿದರು. "ಮೇಡಂ, ಶಿಡ್ಲಘಟ್ಟದಿಂದ ಜಂಗಮಕೋಟೆ ಕಡೆಗೆ ಬೆಳಿಗ್ಗೆ ಮೊದಲ್ನೇ ಬಸ್ ಎಷ್ಟೊತ್ತಿಗೆ?" ಎಂದು ಕೇಳಿದರು.

ತಮ್ಮನನ್ನು ನೋಡಿಕೊಳ್ಳಲು ಊರಿನಿಂದ ಅಬ್ಬಾನ ತಾಯಿ, ನಮ್ಮ ದಾದಿ ಜಾಹಿದಾ ಬಂದರು. ಅಬ್ಬಾ ಒಂದು ಮಾತು ಕೇಳಿದ್ದರೆ ನವೆಂಬರ್‌ನಲ್ಲೇ ಬರುತ್ತಿದ್ದೆನೆಂದು ಬೈದುಕೊಂಡೇ ಬಂದರು. ನಾನು ಐದನೆಯ ತರಗತಿ ಮುಗಿಯುವವರೆಗೂ ಆ ಬಸ್ಸಿನಲ್ಲಿ ಓಡಾಡಿದೆ. ಸಮಜಾಯಿಷಿಯಲ್ಲಿ ಟೀಚರ್ ಬರೆದದ್ದು ಒಂದೇ ಸಾಲು: "ವಿದ್ಯಾರ್ಥಿನಿ ಹಾಜರಾಗಿದ್ದಾಳೆ." ಅದೇ ಅಧಿಕಾರಿ ಮಾರ್ಚ್‌ನಲ್ಲಿ ಹೇಳದೆ ಕೇಳದೆ ಬಂದು, ನಲವತ್ತೊಂದನ್ನೂ ಕೂತು ಕೇಳಿ, ಚಹಾ ಕುಡಿದು ಹೋದರು. ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಆ ಔದಾರ್ಯಕ್ಕೆ ಅವರಿಗೂ ಇಲ್ಲಿ ಒಂದು ನಮಸ್ಕಾರ ಸಲ್ಲಬೇಕು.

ಚಿಂತಾಮಣಿಯ ಕಡೆಯ ಶಾಲೆಯಲ್ಲಿ ಕೊನೆಯ ವರ್ಷಗಳಲ್ಲಿ ಮಕ್ಕಳ ಸಂಖ್ಯೆ ಹದಿಮೂರಕ್ಕೆ ಇಳಿದಿತ್ತು. ಒಂದೊಂದು ಮಗುವಿಗೆ ಮೂರು ಪದ್ಯ ಹಂಚಿ, ಮಿಕ್ಕ ಎರಡನ್ನು ತಾವೇ ಹೇಳಿ ಕಥೆ ಮುಗಿಸುತ್ತಿದ್ದರು ಎಂದು ಅಲ್ಲಿನ ಸಹೋದ್ಯೋಗಿ ಕವಿತ ಅವರು ತಿಳಿಸಿದ್ದಾರೆ; ಕಂಠ ಸುಧಾರಿಸಿರಲಿಲ್ಲವಂತೆ. ನನಗೆ ಕೆಲಸ ಸಿಕ್ಕಾಗ ಟೀಚರ್ ಮೂರು ಬಸ್ಸು ಬದಲಿಸಿ ನನ್ನ ಶಾಲೆಗೆ ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಕೂತು ಇಡೀ ದಿನ ನನ್ನ ಪಾಠ ಕೇಳಿ, "ಬೋರ್ಡಿನ ಮೇಲೆ ಅಕ್ಷರ ಸಣ್ಣದಾಯ್ತು" ಎಂದಷ್ಟೇ ಹೇಳಿದರು. ನನಗೆ ಬಂದ ದೊಡ್ಡ ಪ್ರಶಸ್ತಿ ಅದು. ಬೇರೆ ತಪ್ಪು ಸಿಕ್ಕಿದ್ದರೆ ಅವರು ಬಿಡುತ್ತಿರಲಿಲ್ಲ.

ನಿವೃತ್ತಿಯ ವಾರದಲ್ಲಿ ನಾನು ಫೋನ್ ಮಾಡಿ, ವಾರಕ್ಕೊಂದು ದಿನ ನಮ್ಮ ಶಾಲೆಗೆ ಬಂದು ಮಕ್ಕಳಿಗೆ ಆ ಕಾವ್ಯ ಕಲಿಸಿಕೊಡಿ ಎಂದು ಬೇಡಿಕೊಂಡೆ. ಅವರು ಮೊದಲು ಕೇಳಿದ್ದು, ಹಾಜರಿ ಹೇಗಿದೆ ಎಂದು. ಎಲ್ಲರೂ ಬರುತ್ತಾರೆ, ಭಾನುಪ್ರಿಯಾ ಎಂಬ ಒಬ್ಬಳು ಮಾತ್ರ ಮೆಕ್ಕೆಜೋಳದ ಕೊಯ್ಲಿಗೆಂದು ಮನೆಯವರ ಜೊತೆ ಹಿಂದೂಪುರದ ಕಡೆಗೆ ಹೋದವಳು ತಿಂಗಳಾದರೂ ಬಂದಿಲ್ಲ ಎಂದೆ. "ಮೊದಲು ಆ ಮಗುನ ಕರ್ಕೊಂಡು ಬಾ. ಆಮೇಲೆ ಬರ್ತೀನಿ" ಎಂದು ಫೋನ್ ಇಟ್ಟರು.

ನೂರು ವರ್ಷ ಬಾಳಿ ಎಂದು ಹರಸುವಷ್ಟು ದೊಡ್ಡವಳು ನಾನಲ್ಲ, ಬೇಡಿಕೊಳ್ಳುವಷ್ಟು ಸ್ವಾರ್ಥಿ ಹೌದು. ತಮ್ಮ ಮಂಡಿನೋವು ತಮ್ಮನ್ನು ಬಸ್ಸಿನಿಂದ ದೂರ ಇಡದಿರಲಿ. ಆ ಕಂಠ, ಅದು ಹೇಗಿದ್ದರೂ ಸರಿ, ಇನ್ನೂ ಬಹಳ ವರ್ಷ ನಮ್ಮ ಮಕ್ಕಳ ಕಿವಿಗೆ ಬೀಳುತ್ತಿರಲಿ. ನಾನು ಎರಡು ಸಲ ಹಿಂದೂಪುರದ ರೈಲು ಹತ್ತಬೇಕಾಯಿತು, ಒಂದು ಸಲ ಅವಳ ಅಪ್ಪನ ಕೈಲಿ ಚೆನ್ನಾಗಿ ಬೈಸಿಕೊಂಡದ್ದೂ ಆಯಿತು. ಭಾನುಪ್ರಿಯಾ ಸೋಮವಾರ ಬಂದಳು, ಟೀಚರ್. ಗೌರಿಬಿದನೂರು ಬಸ್ ನಿಲ್ದಾಣಕ್ಕೆ ನಾನೇ ಬಂದು ನಿಂತಿರುತ್ತೇನೆ. ಯಾವತ್ತು ಬರ್ತೀರಿ?