ಅತ್ತೆ ಎದ್ದು ನಿಲ್ಲುತ್ತಿದ್ದ ಹೊತ್ತು

ಸಂಜೆ ಅಂಗಡಿ ಬಾಗಿಲು ಹಾಕಿ ಪ್ರಾರ್ಥನೆಗೆ ಕೂತರೆ ಸಾಕು, ನನ್ನ ಎಡಗೈ ಭಾರವಾಗುತ್ತದೆ. ಯಾರೋ ಮೊಣಕೈ ಹಿಡಿದು ಏಳಲು ನೋಡುತ್ತಿರುವ ಹಾಗೆ. ಅತ್ತೆ ತೀರಿಹೋಗಿ ವರ್ಷ ಕಳೆದರೂ ಈ ಕೈಗೆ ಮಾತ್ರ ಸುದ್ದಿ ಮುಟ್ಟಿಲ್ಲ.

ನಮ್ಮದು ಇಸ್ತ್ರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅತ್ತೆ ಮದುವೆಯಾಗಿ ಬಂದಂದಿನಿಂದ ತೊಂಬತ್ತರ ಹತ್ತಿರ ಬರುವವರೆಗೂ ಇಸ್ತ್ರಿ ಮೇಜಿನ ಮುಂದೆ ನಿಂತವರು. ಕಾದ ಇಸ್ತ್ರಿಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತಂದು, “ರೇಷ್ಮೆಗೆ ಸಾಕು, ಹತ್ತಿಗೆ ಸಾಲ್ದು” ಎನ್ನುತ್ತಿದ್ದರು. ಗಂಡನನ್ನು ಬೇಗ ಕಳೆದುಕೊಂಡು ಇಬ್ಬರು ಗಂಡುಮಕ್ಕಳನ್ನು ಆ ಬಿಸಿಯಲ್ಲೇ ಬೆಳೆಸಿದರು. ಚಳಿಗಾಲದ ಬೆಳಗ್ಗೆ ಮೊದಲ ಬಿಸಿ ಗಿರಾಕಿಯ ಬಟ್ಟೆಗಲ್ಲ, ನನ್ನ ಶಾಲಿಗೆ. ಬೆಚ್ಚಗೆ ಹೊದಿಸಿ, “ಈಗ ಹೊರಗೆ ಹೋಗು” ಎನ್ನುವರು. ಹೆತ್ತ ತಾಯಿ ಕೂಡ ನನ್ನನ್ನು ಹಾಗೆ ನೋಡಿಕೊಂಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸಿಟ್ಟು ಬಂದಾಗ ಮರೆತುಹೋದೀತು.

ದೇವರೆಂದರೆ ಅವರಿಗೆ ಮನೆಯ ಹಿರಿಯನೇ. ದಿನಾ ಕೈಮುಗಿಯುವರು, ಬೇಕಾದರೆ ಬೈಯುವರು. ಸಂಜೆಯ ಪ್ರಾರ್ಥನೆಗೆ ಅವರದೇ ಒಂದು ಕ್ರಮ: ಬದುಕಿರುವವರನ್ನು ಕೂತು ಹೇಳಬೇಕು, ಸತ್ತವರನ್ನು ಎದ್ದು ನಿಂತು ಹೇಳಬೇಕು. “ಇರೋರ ವಿಷಯ ನಾನೂ ದೇವರೂ ಕೂತು ಮಾತಾಡ್ಕೋಬಹುದು. ಹೋದೋರು ಅವನ ಮನೇಲಿದಾರೆ, ಮರ್ಯಾದೆ ಕೊಡ್ಬೇಕಪ್ಪಾ” ಎಂಬುದು ಅವರ ವಾದ. ಮಂಡಿ ಕೈಕೊಟ್ಟ ಮೇಲೂ ಬಿಡಲಿಲ್ಲ. “ಎತ್ತೇ ನನ್ನ” ಎಂದಾಗ ನಾನು ಎಡಗೈ ಕೊಡಬೇಕಿತ್ತು.

ಅವರ ಚಿಕ್ಕ ಮಗ ನನ್ನ ಗಂಡ. ಮದುವೆಯಾದ ಮರುವರ್ಷ ಗಿರಾಕಿಯೊಬ್ಬರ ಅಂಗಿಯ ಕಾಲರ್ ಸುಟ್ಟ. ಅತ್ತೆ ಎಲ್ಲರೆದುರು ಬಾಯಿಗೆ ಬಂದಂತೆ ಬೈದರು. ಆತ ಇಸ್ತ್ರಿಯಾದ ಬಟ್ಟೆಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದ. ಬಟ್ಟೆಗಳೆಲ್ಲ ಅವರವರ ಮನೆ ತಲುಪಿದವು. ಸೈಕಲ್ಲು ಹೊಳೆಯ ದಡದಲ್ಲಿ ಸಿಕ್ಕಿತು. ಆತ ಸಿಗಲಿಲ್ಲ.

ಅಂದು ಸಂಜೆ ಅತ್ತೆ ಆತನನ್ನು ಕೂತೇ ಹೇಳಿದರು: “ನನ್ನ ಚಿಕ್ಕವನು, ಎಲ್ಲಿದ್ರೂ ಹೊಟ್ಟೆ ತುಂಬ ಹಾಕು.” ಮರುದಿನವೂ ಅದೇ, ವರ್ಷಗಟ್ಟಲೆ ಅದೇ. ನಾನು ದಿನಾ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದೆ. ಕೂತು ಹೇಳಿದರೆ ನಾನಿನ್ನೂ ಆತನ ಹೆಂಡತಿ. ನಿಂತು ಹೇಳಿದರೆ ನನ್ನ ದಾರಿ ನನಗೆ.

ಆಗಲೇ ಪಕ್ಕದ ಬೀದಿಯ ಟೈಲರ್ ನನ್ನನ್ನು ಮದುವೆಗೆ ಕೇಳಿದ್ದು. ಹೆಂಡತಿ ಸತ್ತವನು, ಒಳ್ಳೆಯವನು. “ನೀವು ಇಸ್ತ್ರಿ ಮಾಡಿದ ಅಂಗೀಗೆ ಗುಂಡಿ ಹಾಕೋಕೂ ಭಯ ಕಣ್ರೀ, ಎಲ್ಲಿ ಮುದುರುತ್ತೋ ಅಂತ” ಎಂದು ನಗಿಸುವನು. ನನಗೂ ಮನಸ್ಸಿತ್ತು, ಸುಳ್ಳೇಕೆ ಹೇಳಲಿ? ವಿಷಯ ತಿಳಿದು ಅತ್ತೆ ಬೇಡವೆನ್ನಲಿಲ್ಲ. ಸಂಜೆ ಕೂತಾಗ ಎಂದಿಗಿಂತ ಗಟ್ಟಿಯಾಗಿ “ನನ್ನ ಚಿಕ್ಕವನು” ಎಂದರು, ಅಷ್ಟೇ. ಮಗ ಇದ್ದಾನೋ ಇಲ್ಲವೋ ಹೆತ್ತ ಕರುಳಿಗೆ ಗೊತ್ತಾಗದೆ ಇರುತ್ತದೆಯೇ ಎಂದು ನಾನು ನಂಬಿದೆ. ಟೈಲರ್ ಒಂದಷ್ಟು ಕಾಲ ಕಾದು, ಅಂಗಡಿ ಎತ್ತಿಕೊಂಡು ಬೇರೆ ಊರಿಗೆ ಹೋದ.

ಕೊನೆಗಾಲದಲ್ಲಿ ಅತ್ತೆಗೆ ಮರೆವು ಕವಿಯಿತು. ನನ್ನನ್ನು ತಮ್ಮ ಅಕ್ಕ ಎಂದುಕೊಂಡರು. ಪ್ರಾರ್ಥನೆಯಲ್ಲಿ ಸತ್ತವರೆಲ್ಲ ಒಬ್ಬೊಬ್ಬರಾಗಿ ಬದುಕಿ ಬಂದರು. ಮಾವನ ಕೆಮ್ಮು ವಾಸಿಯಾಗಲಿ, ತಮ್ಮ ಅಪ್ಪನ ಕಣ್ಣು ಕಾಣಿಸಲಿ ಎಂದು ಕೂತೇ ಬೇಡಿಕೊಂಡರು. ಜೊತೆಗೇ ಇದ್ದ ಭಾವನ ಮೊಮ್ಮಕ್ಕಳು ಕಿಸಕ್ಕನೆ ನಕ್ಕವು. ನಾನು ಮಾತ್ರ ಗೋಡೆಯತ್ತ ಸರಿದು ಕೂರುತ್ತಿದ್ದೆ. ಅವರೆಲ್ಲ ಬಂದು ಕೂತು ಕೋಣೆಯಲ್ಲಿ ಜಾಗ ಸಾಲದಾದಂತೆ.

ಅದೊಂದು ಸಂಜೆ ಎಲ್ಲರನ್ನೂ ಹೇಳಿ ಮುಗಿಸಿ “ಎತ್ತೇ” ಎಂದರು. ಇನ್ನು ಉಳಿದವರು ಯಾರಪ್ಪಾ ಎಂದುಕೊಂಡು ಕೈಕೊಟ್ಟೆ. ನಡುಗುತ್ತ ನಿಂತು ಹೇಳಿದರು:

“ನನ್ನ ಚಿಕ್ಕವನು.”

ನಾನು ಅವರ ಮುಖದತ್ತ ಬಾಗಿದೆ. “ಚಿಕ್ಕವನು ಹೋದ್ನಾ? ಯಾರು ಹೇಳಿದ್ರು?”

“ದೋಣಿಯವನು ಬಂದಿದ್ನಲ್ಲಕ್ಕಾ, ಸೈಕಲ್ಲು ಸಿಕ್ಕಿದ ವಾರಾನೇ. ಹೊಳೆ ಕೆಳಗಡೆ ಸಿಕ್ಕಿದ್ನಂತೆ. ಅಲ್ಲೇ ಮಣ್ಣು ಮಾಡಿದ್ರಂತೆ.” ನನ್ನ ಮೊಣಕೈ ಒತ್ತಿ ಹಿಡಿದು ದನಿ ತಗ್ಗಿಸಿದರು. “ಸೊಸೆ ಕಿವಿಗೆ ಬೀಳ್ಬಾರ್ದು. ಹೋಗಿಬಿಡ್ತಾಳೆ. ಅವಳಿಲ್ದೆ ನಾನು ಹೇಗಿರ್ಲಿ ಹೇಳು?”

ಕೈ ಕೊಡವಿಬಿಡಬೇಕೆನಿಸಿತು. ಬಿದ್ದರೆ ಬೀಳಲಿ ಈ ಮುದುಕಿ ಎನಿಸಿತು. ನನ್ನ ವಯಸ್ಸನ್ನೆಲ್ಲ ಮಡಿಸಿ ಮೂಲೆಗಿಟ್ಟವಳು! ಆದರೆ ಕೈ ಬಿಡಲಿಲ್ಲ, ಮೆಲ್ಲಗೆ ಕೂರಿಸಿದೆ. “ಹೇಳಲ್ಲ ಬಿಡೇ” ಎಂದೆ. ಮರುದಿನ ಬೆಳಗ್ಗೆ ಶಾಲು ಬಿಸಿ ಮಾಡಿ ಅವರಿಗೇ ಹೊದಿಸಿದೆ, ಹೊದಿಸುತ್ತ ಬಾಯ್ತುಂಬ ಬೈದೆ ಕೂಡ. ಅವರು ಮಗುವಿನಂತೆ ನಕ್ಕರು.

ಈಗ ಪ್ರಾರ್ಥನೆ ನನ್ನ ಪಾಲಿಗೆ ಬಂದಿದೆ. ಎದ್ದು ನಿಂತು ಮಾವನನ್ನು ಹೇಳುತ್ತೇನೆ, ಗಂಡನನ್ನು ಹೇಳುತ್ತೇನೆ. ಅತ್ತೆಯನ್ನು ಮಾತ್ರ ಇನ್ನೂ ಕೂತೇ ಹೇಳುತ್ತೇನೆ. “ಮುತ್ತಜ್ಜಿ ಸತ್ತೋದ್ರಲ್ಲ ಚಿಕ್ಕಜ್ಜಿ, ಎದ್ದು ಹೇಳು” ಎಂದು ಮಕ್ಕಳು ತಿದ್ದುತ್ತವೆ. ಅಷ್ಟರಲ್ಲಿ ಎಡಗೈ ಭಾರವಾಗುತ್ತದೆ, ಮೊಣಕೈ ಹಿಡಿದು ಎಳೆಯುತ್ತದೆ. ನಾನು ಏಳುವುದಿಲ್ಲ.

“ಸುಮ್ನಿರ್ರೋ” ಎನ್ನುತ್ತೇನೆ. “ಎದ್ದು ಹೇಳಿದ್ರೆ ಹೋಗಿಬಿಡ್ತಾರೆ.”