ಅಕ್ಕ ತರಿಸಿದ ಅಳತೆಯ ಯಂತ್ರ

ನನ್ನ ಅಕ್ಕ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ ನಡೆಸುತ್ತಾಳೆ. ದೊಡ್ಡ ಕಂಪನಿಗಳು ಕಳಿಸುವ ಡ್ರಾಯಿಂಗ್ ನೋಡಿಕೊಂಡು ಅವರಿಗೆ ಬೇಕಾದ ಲೋಹದ ಬಿಡಿಭಾಗಗಳನ್ನು ಮಾಡಿಕೊಡುವುದು ಅವಳ ಕೆಲಸ. ನಾನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುತ್ತಿದ್ದವಳು, ಅಲ್ಲಿ ಬೇಸತ್ತು, ಇವಳ ಲೆಕ್ಕಪತ್ರ ವಹಿಸಿಕೊಂಡೆ. ಸಿಂಗಸಂದ್ರದ ಮನೆಯಿಂದ ಪೀಣ್ಯವೆಂದರೆ ಊರಿನ ಈ ತುದಿಯಿಂದ ಆ ತುದಿ. ಹೋಗಿ ಬರುವುದರಲ್ಲೇ ಅರ್ಧ ಜೀವ ಸೋರಿಹೋಗುತ್ತಿತ್ತು. ಆದರೂ ಬಿಡಲಿಲ್ಲ. ಅಕ್ಕ ವ್ಯವಹಾರ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡುವುದೇ ನನಗೆ ರುಚಿ ಹತ್ತಿತ್ತು.

ನಮ್ಮ ದೊಡ್ಡ ಗಿರಾಕಿ ವೈಟ್‌ಫೀಲ್ಡ್ ಕಡೆಯ ಕಂಪನಿ, ವಿಮಾನದ ಭಾಗಗಳನ್ನು ಜೋಡಿಸುವವರು. ಒಂದು ದಿನ ಅವರು, ಮುಂದಿನ ದೊಡ್ಡ ಆರ್ಡರ್ ಬೇಕಾದರೆ ಪ್ರತಿ ಭಾಗದ ಜೊತೆಗೂ ಯಂತ್ರದಲ್ಲಿ ಅಳೆದ ರಿಪೋರ್ಟ್ ಕೊಡಬೇಕು ಎಂದರು. ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನೂ ಹಿಡಿಯುವ ಆ ಯಂತ್ರ ನಮ್ಮಲ್ಲಿರಲಿಲ್ಲ. ಹೊರಗೆ ಅಳೆಸಲು ಹೋದರೆ ಅಲ್ಲಿ ವಾರಗಟ್ಟಲೆ ಸರದಿ. ಅಕ್ಕ ಇಟಲಿಯ ಒಂದು ಯಂತ್ರವನ್ನು ಆರಿಸಿದಳು. ಮುಂಗಡವನ್ನು ನಮ್ಮ ಉಳಿತಾಯದಿಂದ ಕೊಡಬಹುದಿತ್ತು. ಉಳಿದ ಹಣ ಯಂತ್ರ ಹಡಗು ಹತ್ತಿದ ಕೂಡಲೇ ಅವರಿಗೆ ಸೇರಬೇಕು. ಅಷ್ಟು ನಮ್ಮಲ್ಲಿರಲಿಲ್ಲ. ಇಲ್ಲಿನ ಸಾಲಕ್ಕೆ ಬಡ್ಡಿ ಜಾಸ್ತಿ.

ಬ್ಯಾಂಕಿನ ಮ್ಯಾನೇಜರ್ ಇನ್ನೊಂದು ದಾರಿ ತೋರಿಸಿದರು. "ಬೈಯರ್ಸ್ ಕ್ರೆಡಿಟ್ ತಗೊಳ್ಳಿ ಮೇಡಂ. ಹೊರದೇಶದ ಬ್ಯಾಂಕು ನಿಮ್ಮ ಪರವಾಗಿ ಅವ್ರಿಗೆ ಯೂರೋದಲ್ಲೇ ದುಡ್ಡು ಕೊಟ್ಬಿಡುತ್ತೆ. ನೀವು ಒಂದು ವರ್ಷ ಬಿಟ್ಟು, ಬಡ್ಡಿ ಸೇರಿಸಿ, ಯೂರೋದಲ್ಲೇ ತೀರಿಸಬೇಕು. ಜಾಮೀನು ನಾವು ನಿಲ್ತೀವಿ. ಅಲ್ಲಿಯ ಬಡ್ಡಿ ಇಲ್ಲಿಗಿಂತ ಎಷ್ಟೋ ಕಮ್ಮಿ."

"ಅಷ್ಟರಲ್ಲಿ ಯೂರೋ ಏರಿದ್ರೆ ಸಾರ್?" ಎಂದಳು ಅಕ್ಕ.

"ಅದು ನಿಮ್ಮ ಮೇಲೇ ಬರುತ್ತೆ. ಬೇಕಂದ್ರೆ ಇವತ್ತೇ ಒಂದು ರೇಟಿಗೆ ಬುಕ್ ಮಾಡಿ ಇಟ್ಕೋಬಹುದು. ಮುಂದೆ ಏರಲಿ, ಇಳೀಲಿ, ನಿಮಗೆ ಅದೇ ರೇಟು. ಅದಕ್ಕೆ ಬೇರೆ ಖರ್ಚಿದೆ. ತುಂಬ ಜನ ಬುಕ್ ಮಾಡಲ್ಲ."

ಆಫೀಸಿಗೆ ಬಂದು ಇಬ್ಬರೂ ಲೆಕ್ಕ ಹಾಕಿದೆವು. ಬಡ್ಡಿಯಷ್ಟನ್ನೇ ನೋಡಿದಾಗ ನನಗೆ ಕುಣಿಯುವಂತಾಯಿತು. ಅಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ. ಜಾಮೀನಿಗೆ ನಮ್ಮ ಬ್ಯಾಂಕು ಹಿಡಿಯುವ ಶುಲ್ಕ, ರೇಟ್ ಬುಕ್ ಮಾಡುವ ಖರ್ಚು, ಜಾಮೀನಿಗೆ ಆಧಾರವಾಗಿ ಬ್ಯಾಂಕಿನಲ್ಲಿ ಅಲುಗಾಡದೆ ಕೂರಬೇಕಾದ ಠೇವಣಿ, ಎಲ್ಲವನ್ನೂ ಸೇರಿಸಿದಳು. ಇಲ್ಲಿನ ಸಾಲಕ್ಕೆ ಹೋಲಿಸಿದರೆ ಉಳಿಯುವುದು ಕರಗಿ ಸಣ್ಣದಾಯಿತು.

"ರೇಟ್ ಬುಕ್ ಮಾಡದೇ ಬಿಟ್ರೆ ಸಕ್ಕತ್ ಉಳಿಯುತ್ತಲ್ಲಕ್ಕ?" ಎಂದೆ.

"ನಾನು ಪಾರ್ಟ್ಸ್ ಮಾಡೋಳು ಕಣೇ. ಯೂರೋ ಏರುತ್ತಾ ಇಳಿಯುತ್ತಾ ಅಂತ ನಂಗೇನು ಗೊತ್ತು? ಇಷ್ಟು ಉಳಿದ್ರೂ ಸಾಕು. ಬುಕ್ ಮಾಡಿಸು."

ಹೆಚ್ಚು ಒದ್ದಾಡಿದವರು ಅಪ್ಪ. ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ತಿಂಗಳ ಸಂಬಳದ ಶಿಸ್ತಿನಲ್ಲಿ ಸಂಸಾರ ತೂಗಿಸಿದವರು. "ಇಲ್ಲಿ ಸಾಲ ಮಾಡಿದ್ದು ಸಾಲ್ದು ಅಂತ ಪರದೇಶದಲ್ಲೂ ಮಾಡ್ತೀಯೇನಮ್ಮ?" ಎಂದು ಊಟ ಅರ್ಧಕ್ಕೇ ಬಿಟ್ಟು ಎದ್ದರು. ಅಕ್ಕ ವಾದಕ್ಕೆ ಇಳಿಯಲಿಲ್ಲ. ಯಂತ್ರ ಬಂದು ಎಸಿ ಕೋಣೆಯಲ್ಲಿ ಕೂತ ಮೇಲೆ ಅವರನ್ನು ಕರೆದುಕೊಂಡು ಬಂದಳು. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಕನ್ನಡಿಯಂಥ ಕಪ್ಪು ಕಲ್ಲಿನ ಮೇಜು, ಅದರ ಮೇಲೆ ತಾನಾಗಿ ಇಳಿದು, ಭಾಗವನ್ನು ಮುಟ್ಟಿ, ಮೇಲೇಳುವ ಸೂಜಿ. ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನಿಂತರು. ಕಲ್ಲನ್ನು ಮುಟ್ಟಲಿಲ್ಲ. "ಕೋಣೆ ಬಾಗಿಲು ಸುಮ್ಸುಮ್ನೆ ತೆಗೀಬೇಡಿ. ಬಿಸಿಗಾಳಿ ಬಂದ್ರೆ ಅಳತೆ ಕೆಡುತ್ತೆ," ಎಂದರು. ಅವರ ಒಪ್ಪಿಗೆ ಅಷ್ಟರಲ್ಲೇ ಇತ್ತು.

ಅದಾಗಿ ಸ್ವಲ್ಪ ದಿನಕ್ಕೆ ವೈಟ್‌ಫೀಲ್ಡ್‌ನಿಂದ ಮೇಲ್ ಬಂತು. ಅವರ ಯೋಜನೆ ತಡವಾಗಿದೆ, ಆರ್ಡರನ್ನು ಮುಂದೂಡಲಾಗಿದೆ, ಯಾವಾಗ ಎಂಬುದನ್ನು ನಂತರ ತಿಳಿಸುತ್ತೇವೆ ಎಂದಿತ್ತು. ನಾನು ಸಾಲದ ಕಾಗದ ತೆಗೆದು ತಾರೀಖು ನೋಡಿದೆ. ಆರ್ಡರ್ ಮುಂದೆ ಹೋಗಬಹುದು, ಹೊರದೇಶದ ಸಾಲದ ಗಡುವು ಹೋಗುವುದಿಲ್ಲ. ಅಕ್ಕ ಎರಡು ಸಲ ಓದಿ, ಒಂದು ಲೋಟ ನೀರು ಕುಡಿದು, ಶೆಡ್ಡಿನ ಒಳಗೆ ಹೋಗಿ ಲೋಹ ಕಡೆಯುವ ಲೇತ್‌ಗಳ ನಡುವೆ ಓಡಾಡತೊಡಗಿದಳು. ಅವಳು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಅದೇ ರಸ್ತೆಯ ಇನ್ನೊಂದು ಕಾರ್ಖಾನೆಗೆ ಹೋದಳು. ಅದರ ಯಜಮಾನರು ನಮ್ಮಂಥದೇ ಕೆಲಸ ಮಾಡುವವರು, ಒಂದೆರಡು ಆರ್ಡರ್‌ಗಳನ್ನು ನಮ್ಮಿಂದ ಕಿತ್ತುಕೊಂಡವರೂ ಹೌದು.

"ಅಣ್ಣ, ನಿಮಗೂ ರಿಪೋರ್ಟ್ ಕೇಳ್ತಿದಾರೆ ಅಲ್ವಾ? ನಮ್ಮ ಮಷಿನ್‌ನಲ್ಲಿ ಅಳೆಸಿ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಡಿ."

ಅವರು ನಕ್ಕರು. "ನಮ್ ಡ್ರಾಯಿಂಗ್ ತಂದು ನಿಮ್ ಟೇಬಲ್ ಮೇಲೆ ಇಡ್ಬೇಕಾ? ಚೆನ್ನಾಗೈತೆ ಕಣಮ್ಮ."

"ನೀವು ಹೇಳೋದು ಸರಿ, ಅಣ್ಣ. ನಾನಾದ್ರೂ ಇದನ್ನೇ ಕೇಳ್ತಿದ್ದೆ," ಎಂದಳು ಅಕ್ಕ. "ನಿಮ್ಮ ಪಾರ್ಟ್ ಅಳೆಯೋವಾಗ ನಾನು ಆ ಕೋಣೆಗೆ ಕಾಲಿಡಲ್ಲ. ನನ್ನ ಲೇತ್ ಹುಡುಗರೂ ಬರಲ್ಲ. ಮಷಿನ್ ನಡೆಸೋಕೆ ಇಟ್ಟಿರೋ ಹುಡುಗಿ ಒಬ್ಬಳೇ ಇರ್ತಾಳೆ, ಪಕ್ಕದಲ್ಲಿ ನಿಮ್ಮ ಕಡೆಯವರು ಕೂತಿರಲಿ. ಡ್ರಾಯಿಂಗ್ ನೀವೇ ತನ್ನಿ, ನೀವೇ ವಾಪಸ್ ತಗೊಂಡ್ ಹೋಗಿ. ಕಂಪ್ಯೂಟರಲ್ಲಿ ಇರೋದನ್ನ ನಿಮ್ಮ ಎದುರಿಗೇ ಅಳಿಸ್ತೀವಿ."

ಅವರು ನೋಡೋಣ ಎಂದರು. ಮುಂದಿನ ವಾರ ತಾವೇ ಬಿಡಿಭಾಗಗಳ ಒಂದು ಡಬ್ಬ ಹಿಡಿದುಕೊಂಡು ಬಂದರು. ಪರೀಕ್ಷೆಗೆಂದೇ ಬಂದದ್ದು ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅಕ್ಕ ನಮಸ್ಕಾರ ಹೇಳಿ, ಕೋಣೆಯ ಬಾಗಿಲು ತೆರೆದುಕೊಟ್ಟು, ಗೇಟಿನ ಹೊರಗಿನ ಟೀ ಅಂಗಡಿಗೆ ಹೋಗಿ ಕೂತಳು. ಕೆಲಸ ಮುಗಿಯುವವರೆಗೆ ತನ್ನದೇ ಕಾರ್ಖಾನೆಯ ಒಳಗೆ ಬರಲಿಲ್ಲ. ಆಮೇಲೆ ಅವರೇ ಅಂಗಡಿಗೆ ಹೋಗಿ ಅವಳ ಟೀ ದುಡ್ಡು ಕೊಟ್ಟರಂತೆ.

ಅವರ ಬಾಯಿಂದಲೇ ಸುದ್ದಿ ಹರಡಿತು. ಅಕ್ಕಪಕ್ಕದ ರಸ್ತೆಗಳಿಂದ ಜನ ಬರತೊಡಗಿದರು, ಆಮೇಲೆ ಊರಿನ ಇನ್ನೊಂದು ತುದಿಯ ಚಂದಾಪುರದ ಕಡೆಯಿಂದಲೂ. ಯಂತ್ರ ಸುಮ್ಮನೆ ಕೂರುವುದೇ ಅಪರೂಪವಾಯಿತು. ಪ್ರತಿಯೊಬ್ಬರಿಗೂ ಅದೇ ನಿಯಮ. ಗುಟ್ಟಾಗಿ ಒಂದು ಡ್ರಾಯಿಂಗ್ ಇಣುಕಿ ನೋಡಿದ್ದರೆ ಅವಳಿಗೆ ಎಷ್ಟೋ ಲಾಭವಾಗುತ್ತಿತ್ತು. ಅವಳು ನೋಡಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಈ ನಡುವೆ ಯೂರೋ ಏರುತ್ತಾ ಹೋಯಿತು. ಇಂಥದೇ ಸಾಲ ಮಾಡಿ ರೇಟ್ ಬುಕ್ ಮಾಡದೆ ಬಿಟ್ಟಿದ್ದ ಪರಿಚಯದವರು ದಿನಾ ಮೊಬೈಲಿನಲ್ಲಿ ರೇಟ್ ನೋಡಿ ಹಣೆ ಒತ್ತಿಕೊಳ್ಳುತ್ತಿದ್ದರು. ನಮಗೆ ಆ ಚಿಂತೆ ಇರಲಿಲ್ಲ. ಗಡುವಿನ ದಿನ, ಅಳತೆಯ ಸಂಪಾದನೆಗೆ ಮಾಮೂಲಿ ಕೆಲಸದ ಲಾಭವನ್ನೂ ಸೇರಿಸಿ, ಸಾಲ ಪೂರ್ತಿ ತೀರಿಸಿದೆವು. ಮ್ಯಾನೇಜರ್ ಎದ್ದು ನಿಂತು ಅಕ್ಕನ ಕೈ ಕುಲುಕಿದರು. ವೈಟ್‌ಫೀಲ್ಡ್‌ನ ಆರ್ಡರ್ ಬಂದದ್ದು ಅದಕ್ಕೂ ಎಷ್ಟೋ ತಿಂಗಳು ತಡವಾಗಿ.

ಹೋದ ತಿಂಗಳು ನಮ್ಮ ರಸ್ತೆಯ ಆ ಕಾರ್ಖಾನೆಯ ಯಜಮಾನರು ಮತ್ತೆ ಬಂದಿದ್ದರು. ಹೊರದೇಶದಿಂದ ಉಕ್ಕು ತರಿಸಬೇಕಂತೆ, ಇದೇ ಥರದ ಸಾಲದ ಬಗ್ಗೆ ವಿಚಾರಿಸಿದರು. ಅಕ್ಕ ಹೊಗಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಗಿರಾಕಿಗಳು ಎಷ್ಟು ದಿನಕ್ಕೆ ದುಡ್ಡು ಕೊಡ್ತಾರೆ ಅಣ್ಣ?"

"ಅವ್ರು ಕೊಟ್ಟಾಗ ಕೊಟ್ರು ಕಣಮ್ಮ."

"ಹಂಗಾದ್ರೆ ಬೇಡ. ಈ ಸಾಲಕ್ಕೆ ತಾರೀಖು ಅಂದ್ರೆ ತಾರೀಖೇ. ಮೊದ್ಲು ಅವ್ರ ಹತ್ರ ಮಾತಾಡಿ, ಟೈಮಿಗೆ ಕೊಡೋ ಹಂಗೆ ಮಾಡ್ಕೊಳ್ಳಿ. ಆಮೇಲೆ ಬನ್ನಿ, ಬ್ಯಾಂಕಿಗೆ ನಾನೇ ಜೊತೆಗೆ ಬರ್ತೀನಿ."

ಅವರು ತಲೆಯಾಡಿಸಿ ಹೊರಟರು. ಅಕ್ಕ ಕೈಗೆ ಎಣ್ಣೆಯ ಬಟ್ಟೆ ತೆಗೆದುಕೊಂಡು, ಯಾವುದೋ ಲೇತ್ ಸದ್ದು ಸರಿಯಿಲ್ಲ ಎನ್ನುತ್ತಾ ಒಳಗೆ ಹೋದಳು.