ಚಂದ್ರನ ಮೇಲೆ ಜೋಳದಂಗಡಿಯ ತಕ್ಕಡಿ

ಮುನವಳ್ಳಿಯ ಹುಡುಗಿಯರ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಸೇರಿದಾಗ ನನಗೆ ಇಪ್ಪತ್ತಮೂರು ವರ್ಷ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸವದತ್ತಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಒಂದು ದಿನ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಪಾಠ ಹೇಳಿಕೊಂಡು ಬಂದಿದ್ದೆ. ಒಂಬತ್ತನೇ ತರಗತಿಗೆ ಗುರುತ್ವಾಕರ್ಷಣೆ. ಪುಸ್ತಕ ಓದಿಸಿ ಮುಗಿಸುವ ಮನಸ್ಸಿರಲಿಲ್ಲ. ಹೆಡ್‌ಮಾಸ್ತರರ ಒಪ್ಪಿಗೆ ಪಡೆದು ಹದಿನೆಂಟು ಹುಡುಗಿಯರೊಂದಿಗೆ ಪೇಟೆಯ ಜೋಳದಂಗಡಿಗೆ ಹೊರಟೆ. ಅಲ್ಲಿ ತೊಲೆಗೆ ತೂಗುಬಿಟ್ಟ ದೊಡ್ಡ ತಕ್ಕಡಿಯಿತ್ತು. ಒಂದು ಹಲಗೆಗೆ ಚೀಲ, ಇನ್ನೊಂದಕ್ಕೆ ಕಬ್ಬಿಣದ ತೂಕದ ಕಲ್ಲು.

ತೂಗುವವರು ಐವತ್ತು ದಾಟಿದ ಒಬ್ಬ ಹಮಾಲರು. "ಮಾಲು ಯಾವದರಿ ಅಕ್ಕಾರ?" ಎಂದರು.

"ಇವರ ರೀ," ಎಂದೆ. ಹುಡುಗಿಯರು ಕಿಸಕ್ಕನೆ ನಕ್ಕರು.

ಮೊದಲು ಕೂತವಳು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಕಟಕೋಳದ ಹುಡುಗಿ. ತರಗತಿಯಲ್ಲಿ ಬಾಯಿಯೇ ಬಿಡದವಳು. ಮೂವತ್ತಾರು ಕಿಲೋ ತೂಗಿದಳು. ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಿಂದ ಬರೆದೆ: ಚಂದ್ರನ ಮೇಲೆ ಆರು, ಮಂಗಳನ ಮೇಲೆ ಹದಿನಾಲ್ಕರ ಹತ್ತಿರ, ಗುರುವಿನ ಮೇಲೆ ತೊಂಬತ್ತಕ್ಕೂ ಮೇಲೆ.

"ತೊಂಬತ್ತ!" ಎಂದು ಕಿರುಚಿ ಅವಳು ಹಲಗೆಯಿಂದ ಜಿಗಿದಳು.

ಹಮಾಲರು ಇಲ್ಲವೆಂದು ತಲೆಯಾಡಿಸಿದರು. "ಅಕ್ಕಾರ, ನನ್ನ ತಕ್ಕಡಿ ಚಂದ್ರನ ಮ್ಯಾಲ ಒಯ್ದು ತೂಗಿದ್ರೂ ಈ ಹುಡುಗಿ ಮೂವತ್ತಾರ ಬರತಾಳ."

"ಇಲ್ರಿ ಕಾಕಾ, ಅಲ್ಲಿ ಎಳೆತ ಆರನೇ ಒಂದು ಪಾಲು. ಎಲ್ಲಾ ಹಗರ ಆಗತೈತಿ."

"ಎಲ್ಲಾ ಅಂದ್ರ, ನನ್ನ ಕಲ್ಲು ಹಗರ ಆಗೂದಿಲ್ಲೇನ್ರಿ?"

ಮನಸ್ಸಿನಲ್ಲೇ ತೂಗಿ ನೋಡಿದೆ. ಹುಡುಗಿ ಎಷ್ಟು ಹಗುರವೋ ಕಲ್ಲೂ ಅಷ್ಟೇ ಹಗುರ. ತಕ್ಕಡಿಯ ದಂಡಿಗೆ ನೆಟ್ಟಗೇ ನಿಲ್ಲುತ್ತದೆ! ದ್ರವ್ಯರಾಶಿಗೂ ತೂಕಕ್ಕೂ ಇರುವ ವ್ಯತ್ಯಾಸವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅದು ಕಣ್ಣಿಗೆ ಕಂಡದ್ದು ಅವತ್ತೇ. ನಾಚಿಕೆಗಿಂತ ಮೊದಲು ಖುಷಿ ಬಂತು. "ಕಾಕಾ, ನೀವು ಹೇಳಿದ್ದು ಖರೇ ಐತ್ರಿ!" ಎಂದು ಕೂಗಿಯೇಬಿಟ್ಟೆ. ಎದುರಿನ ಚಹಾದಂಗಡಿಯಲ್ಲಿದ್ದವರು ಎದ್ದು ನೋಡಿದರು.

"ಹಂಗಾದ್ರ ಆರು ಕಿಲೋ ಅಂತ ತೋರಸೂದು ಯಾವದ್ರಿ?" ಕಟಕೋಳದ ಹುಡುಗಿಯ ಪ್ರಶ್ನೆ.

"ಸ್ಪ್ರಿಂಗಿನ ಕಾಟಾ," ಎಂದೆ. ಹಮಾಲರೇ ರದ್ದಿ ಅಂಗಡಿಗೆ ಹೋಗಿ ಒಂದು ತಂದರು. ಅದರ ಕೊಕ್ಕೆಗೆ ಐದು ಕಿಲೋದ ಕಲ್ಲು ಹಾಕಿದೆವು. ಮುಳ್ಳು ಐದಕ್ಕೆ ನಿಂತಿತು. ಇಲ್ಲಿ ಎದುರು ಕಲ್ಲಿಲ್ಲ, ಸ್ಪ್ರಿಂಗಿಗೆ ಗೊತ್ತಾಗುವುದು ಎಳೆತವೊಂದೇ ಎಂದು ವಿವರಿಸುತ್ತಿದ್ದೆ. ಅಷ್ಟರಲ್ಲಿ ಆ ಹುಡುಗಿ ಕಲ್ಲಿನ ಕೆಳಗೆ ಅಂಗೈ ಕೊಟ್ಟು ಮೆಲ್ಲಗೆ ಎತ್ತಿದಳು. ಮುಳ್ಳು ನಾಲ್ಕು, ಮೂರು, ಎರಡು ದಾಟಿ ಒಂದರ ಕೆಳಗೆ ಬಂತು.

"ಈಗ ಚಂದ್ರನ ಮ್ಯಾಲ ಅದೇವೇನ್ರಿ?"

"ಅದೇವಿ!" ಎಂದೆ.

"ತಡೀರಿ, ನಾ ಗುರು ಮಾಡತೇನಿ," ಎಂದು ಹಮಾಲರು ಕಲ್ಲನ್ನು ಕೆಳಕ್ಕೆ ಜಗ್ಗಿದರು. ಮುಳ್ಳು ಹನ್ನೆರಡು ದಾಟಿತು. ಆಮೇಲೆ ಎಲ್ಲರಿಗೂ ಒಂದೊಂದು ಗ್ರಹ ಬೇಕಾಯಿತು. ಮಂಗಳನಿಗಾಗಿ ಇಬ್ಬರು ಜಗಳಾಡಿದರು.

ಮರುದಿನ ತರಗತಿಯಲ್ಲಿ, "ನಿನ್ನೆ ನಾನು ಹೇಳಿದ್ದರಲ್ಲಿ ತಪ್ಪಿತ್ತು," ಎಂದು ಶುರುಮಾಡಿದೆ. ಕಟಕೋಳದ ಹುಡುಗಿ ತಾನಾಗಿಯೇ ಎದ್ದಳು. "ಟೀಚರ್, ಕಾಟಾನ ಕೈ ಬಿಟ್ರ, ಬೀಳೂಮುಂದ ಮುಳ್ಳು ಎಷ್ಟು ತೋರಸತೈತ್ರಿ?"

"ಸೊನ್ನೆ."

ಯಾರೂ ನಂಬಲಿಲ್ಲ. ಶಾಲೆಯ ಸಣ್ಣ ಕಾಟಾಕ್ಕೆ ಕಲ್ಲು ಕಟ್ಟಿ ಮೆಟ್ಟಿಲ ಮೇಲೆ ನಿಂತೆ. ಕೆಳಗೆ ಮರಳಿನ ರಾಶಿ, ಸುತ್ತ ಹುಡುಗಿಯರು. ಬಿಟ್ಟೆ. ಸರ್ರನೆ ಮುಳ್ಳು ಸೊನ್ನೆಗೆ ಹಾರಿದ್ದನ್ನು ಎಲ್ಲರೂ ಕಂಡರು.

"ಇನ್ನೊಮ್ಮಿ ಬಿಡ್ರಿ ಟೀಚರ್!" ಎಂದರು. ಗಂಟೆ ಹೊಡೆಯುವವರೆಗೂ ಬಿಡುತ್ತಲೇ ಇದ್ದೆ.